ಎಂಬತ್ತೆರಡು ಮೈಕ್ರಾನ್

ರುಸ್ತಾವಿಯ ಕಾರು ಸಂತೆಯ ಹಿಂದೆ
ತಗಡಿನ ಶೆಡ್ಡು. ಹೀಟರಿಗೂ ಚಳಿ.
ಕಪ್ಪು ಓಪೆಲ್ ತಂದು ನಿಲ್ಲಿಸಿ ಝೌರಿ ಹೇಳಿದ:
"ಒಂದೇ ಕೈ ಸಾಕು. ನಾಳೆಯೇ ಮಾರಾಟ."
ಪಾಲಿನವಳು, ಅವನ ತಂಗಿ ಮಕ್ವಾಲಾ, ಬಿಡಲಿಲ್ಲ:
"ಮೂರು ಕೈ. ಕನ್ನಡಿಯಾಗಬೇಕು.
ಕೊಳ್ಳುವವನು ತನ್ನ ಮುಖಕ್ಕೇ ಮರುಳಾಗಬೇಕು."

ದೀಪ ಹಿಡಿದೆ.
ತೊಳೆದ ಬ್ರಷ್ಷುಗಳೆಲ್ಲ ರುಜು ಹಾಕಿ ಹೋಗಿವೆ
ಸುತ್ತು ಸುತ್ತಾಗಿ, ಎಲ್ಲೋ ಜರ್ಮನಿಯ ಚಳಿಗಾಲಗಳಲ್ಲಿ.
ಗೇಜ್ ಒತ್ತಿದೆ: ಬಾನೆಟ್ಟಿಗೆ ನೂರಾ ಹದಿನೈದು,
ಎಡ ಬಾಗಿಲಿಗೆ ಎಂಬತ್ತೆರಡು.
ಯಾರೋ ಮೊದಲೇ ಉಂಡು ಹೋಗಿದ್ದಾನೆ ಇಲ್ಲಿ,
ನನ್ನಂಥವನೇ, ಹೊಳಪಿನ ಹಸಿವಿನವನು.

ಮೂರು ಕೈ ಎಂದರೆ
ಮೊದಲು ಉಣ್ಣೆಯ ಪ್ಯಾಡು, ಒರಟು ಲೇಪ,
ಆಮೇಲೆ ಸ್ಪಂಜು, ಆಮೇಲೆ ಇನ್ನೂ ಮೆತ್ತನೆಯದು;
ಮೊದಲಿನದು ಮಾಡಿದ ಗಾಯವನ್ನು ಎರಡನೆಯದು ಸವರಬೇಕು,
ಅದರ ಮಬ್ಬನ್ನು ಮೂರನೆಯದು.
ಗೀರು ತೆಗೆಯುವುದು ಅಂತಿಲ್ಲ.
ಸುತ್ತಲಿನದನ್ನೆಲ್ಲ ಗೀರಿನ ಆಳಕ್ಕೆ
ಇಳಿಸುವುದು, ಅಷ್ಟೇ.

ಅಣ್ಣ ತಂಗಿ ಅಷ್ಟರಲ್ಲಿ ಹಳೆಯ ಲೆಕ್ಕ ತೆಗೆದಿದ್ದರು,
ಹೋದ ವರ್ಷದ ಬಾಕಿ, ಅಪ್ಪನ ಗ್ಯಾರೇಜು, ಯಾರು ನೋಡಿಕೊಂಡದ್ದು, ಯಾರು ಬಿಟ್ಟುಹೋದದ್ದು.
ಮೆಷಿನ್ ಹಚ್ಚಿದೆ. ಮುಂದಿನದು ಕೇಳಿಸಲಿಲ್ಲ.

ಬಾನೆಟ್ಟಿಗೆ ಮೂರು.
ಬಾಗಿಲಿಗೆ ಒಂದು, ಹಗುರವಾಗಿ.
ಹಿಡಿಯ ಕೆಳಗೆ, ಉಗುರಿಗೆ ತಗಲುವ ಗೀರೊಂದನ್ನು
ಹಾಗೇ ಬಿಟ್ಟೆ.

"ಇದೇನು?" ಮಕ್ವಾಲಾ ಬೆರಳಿಟ್ಟಳು.
"ಮುಂದೆ ಉಜ್ಜುವವನಿಗೂ ಒಂದಿಷ್ಟು ಇರಲಿ."
ಝೌರಿ ನಕ್ಕ. ಕೂಲಿಯಲ್ಲಿ ಹತ್ತು ಮುರಿದುಕೊಂಡೇ ಕೊಟ್ಟ.

ಕಾರು ಹಿಂದಕ್ಕೆ ಸರಿಯಿತು.
ಬಾನೆಟ್ಟಿನ ಮೇಲೆ
ನನ್ನ ಶೆಡ್ಡಿನ ತಗಡು, ತಲೆಕೆಳಗಾಗಿ,
ತುಕ್ಕು ಸಮೇತ.