ನಲವತ್ತೇಳನೇ ಕಿಲೋಮೀಟರಿನ ಮೋರಿ

ನಕ್ಷೆಯಲ್ಲಿ ರಸ್ತೆ ಮೊದಲು ಬರೀ ಒಂದು ಗೆರೆ.
ಗೆರೆಗೆ ಚಳಿಯಿಲ್ಲ, ಏದುಸಿರಿಲ್ಲ.
ಬಿಷ್ಕೆಕ್ಕಿನ ಮೂರನೇ ಮಹಡಿಯಲ್ಲಿ ಕೂತು
ನಾನು ಎಳೆದದ್ದು, ಬೆಟ್ಟದ ಸೊಂಟ ಬಳಸಿ,
ನೇರ ದಾರಿ ತಿರುವಿಗೆ ಹೊರಳುವ ಮುನ್ನ
ಕೊಂಚ ಕೊಂಚವೇ ಬಳುಕುವ ಹಾಗೆ,
ಚಾಲಕನ ಕೈಗೆ ತಾನು ತಿರುಗಿಸಿದ್ದೇ ತಿಳಿಯದ ಹಾಗೆ.
ಇಪ್ಪತ್ತಾರು ವರ್ಷದಲ್ಲಿ ನನಗೆ ಹೆಮ್ಮೆಯಿದ್ದರೆ
ಆ ಬಳುಕಿನ ಬಗ್ಗೆ. ಮಿಕ್ಕದ್ದಕ್ಕೆ ಸಹಿ ನನ್ನದು, ಅಷ್ಟೆ.

ನಲವತ್ತೇಳನೇ ಕಿಲೋಮೀಟರಿನಲ್ಲಿ
ಒಂದು ಮೋರಿ ಬರೆದಿದ್ದೆ. ನೀರಿಗಲ್ಲ, ಕುರಿಗೆ.
ಕಾರಾ-ತೊರ್ ಕಣಿವೆಯ ಮಂದೆಗಳು
ಬೇಸಗೆಯ ಹುಲ್ಲಿಗೆ ಹತ್ತುತ್ತವೆ, ಹಿಮಕ್ಕೆ ಮುಂಚೆ ಇಳಿಯುತ್ತವೆ.
ಸಭೆಯಲ್ಲಿ ಅದು ಅಂದಾಜುಪಟ್ಟಿಯ ಮುನ್ನೂರ ಹನ್ನೆರಡನೇ ಸಾಲು.
ಸಾಲ ಕೊಟ್ಟ ಬ್ಯಾಂಕಿನವರು ಎತ್ತರ ತಗ್ಗಿಸಿ ಎಂದರು,
ಪರಿಸರದವರು ಅಗಲ ಹೆಚ್ಚಿಸಿ ಎಂದರು,
ಗುತ್ತಿಗೆದಾರ, ತನ್ನಲ್ಲಿ ಎರಡು ಮೀಟರಿನ ಕೊಳವೆ ಉಳಿದಿದೆ ಎಂದ.
ಎತ್ತು ಏರಿಗೆ, ಕೋಣ ನೀರಿಗೆ.
ನಿರ್ದೇಶಕ ತಾಲಾಯ್‌ಬೆಕ್ ಕನ್ನಡಕ ತೆಗೆದು
ಒರೆಸಿ, ಮತ್ತೆ ಒರೆಸಿ,
"ಕುರಿಗೆ ಎರಡು ಮೀಟರ್ ಸಾಲದೇ?" ಎಂದ.
ನನ್ನಲ್ಲಿ ಉತ್ತರವಿರಲಿಲ್ಲ. ಕೋಷ್ಟಕದಲ್ಲಿ ಲಾರಿಯ ಎತ್ತರವಿತ್ತು,
ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಎತ್ತರವಿತ್ತು,
ಕುರಿಯದಿರಲಿಲ್ಲ.

ಹೋದೆ. ಟೇಪು ಹಿಡಿದು.
ಎಸೆನ್‌ಕುಲ್ ಕುದುರೆಯಿಂದ ಇಳಿಯದೆಯೇ ಕೇಳಿಸಿಕೊಂಡ.
"ಕುರಿಯನ್ನು ಅಳೆಯಬೇಡ ಜಿಪಾರ್. ಕುರಿ ಏನನ್ನೂ ನಿರ್ಧರಿಸುವುದಿಲ್ಲ.
ಮುಂದೆ ನಿಂತಿದೆಯಲ್ಲ, ಗಂಟೆ ಕಟ್ಟಿದ ಹೋತ, ಅದನ್ನು ನೋಡು.
ಆಚೆ ತುದಿಯ ಬೆಳಕು ಅದಕ್ಕೆ ಕಂಡರೆ ಎಂಟುನೂರು ತಲೆ ನುಗ್ಗುತ್ತವೆ.
ಕಾಣದಿದ್ದರೆ ನಿನ್ನ ಮಂತ್ರಿಯೇ ಬಂದು ತಳ್ಳಿದರೂ ಇಲ್ಲ."

ಅಂದು ಸಂಜೆ ಹಳೇ ಮೋರಿಯೊಂದರ ಮುಂದೆ
ಮಂಡಿಯೂರಿ ಹೋತದ ಕಣ್ಣಿನ ಮಟ್ಟಕ್ಕೆ ಇಳಿದೆ.
ಕತ್ತಲು. ಕೊಳೆತ ಕೆಸರಿನ ವಾಸನೆ.
ದೂರದಲ್ಲಿ ನಾಣ್ಯದಷ್ಟು ಬೆಳಕು,
ಅದರಲ್ಲೂ ಅರ್ಧ ಹೂಳು ನುಂಗಿತ್ತು.
ನಾನೂ ಒಳಹೋಗುತ್ತಿರಲಿಲ್ಲ.

ಆಮೇಲಿನ ಹನ್ನೊಂದು ತಿಂಗಳು ಹೇಳುವಂಥದ್ದಲ್ಲ, ಹೇಳುತ್ತೇನೆ.
ರಸ್ತೆಯ ಮಟ್ಟವನ್ನು ಒಂದು ಮೀಟರ್ ಇಪ್ಪತ್ತು ಎತ್ತರಿಸಬೇಕಾದರೆ
ಎರಡೂ ಕಡೆ ಅರ್ಧ ಕಿಲೋಮೀಟರ್ ಹಿಂದಿನಿಂದಲೇ ಏರಿ ಹಾಕಬೇಕು,
ಏರಿಗೆ ಮಣ್ಣು, ಮಣ್ಣಿಗೆ ಗಣಿ, ಗಣಿಗೆ ಪರವಾನಗಿ,
ಪರವಾನಗಿಗೆ ಒಬ್ಬ ಗುಮಾಸ್ತ, ಗುಮಾಸ್ತನಿಗೆ ಬೆನ್ನುನೋವು.
ಹತ್ತನೇ ಕಿಲೋಮೀಟರಿನ ಬಸ್ ತಂಗುದಾಣ ಕೈಬಿಟ್ಟು
ಆ ದುಡ್ಡು ಇಲ್ಲಿಗೆ ತಂದೆ, ಅಳೆದು ಸುರಿದು.
ಅಲ್ಲಿ ಹೆಂಗಸರು ಈಗಲೂ ಹಿಮದಲ್ಲಿ ನಿಂತೇ ಬಸ್ಸು ಕಾಯುತ್ತಾರೆ.
ಇದನ್ನೂ ಬರೆದಿಡಬೇಕು.

ಸೆಪ್ಟೆಂಬರ್. ರಸ್ತೆ ತೆರೆದ ಮೊದಲ ವರ್ಷ.
ನಾಲ್ಕು ಮೀಟರಿನ ಮೋರಿ, ಸುಣ್ಣ ಬಳಿದ ಗೋಡೆ,
ಆಚೆ ತುದಿಯಲ್ಲಿ ಕಿಟಕಿಯಷ್ಟು ಆಕಾಶ.
ಹೋತ ಬಂತು. ನಿಂತಿತು.
ತಪಾಸಣೆಗೆ ಬಂದ ಅಧಿಕಾರಿಯ ಹಾಗೆ
ಒಳಗೆ ನೋಡಿತು, ಸಾವಧಾನವಾಗಿ.
ಗಂಟೆ ಅಲುಗಲಿಲ್ಲ.
ಆಮೇಲೆ ಪಕ್ಕದ ದಿಬ್ಬ ಹತ್ತಿ, ತಡೆಬೇಲಿಯ ಸಂದಿಯಲ್ಲಿ ನುಸುಳಿ
ನನ್ನ ಹೊಸ ಡಾಂಬರಿನ ಮೇಲೆ ಮೂಗಿನ ನೇರಕ್ಕೆ ನಡೆದುಹೋಯಿತು.
ಹಿಂದೆ ಎಂಟುನೂರು.

ಕಾಶ್ಗರಿನ ಲಾರಿಗಳು ಸಾಲುಗಟ್ಟಿ ನಿಂತವು.
ಒಬ್ಬ ಚಾಲಕ ಇಳಿದು ಸಿಗರೇಟು ಹಚ್ಚಿದ,
ಇನ್ನೊಬ್ಬ ಕುರಿ ಎಣಿಸಲು ಹೋಗಿ ಲೆಕ್ಕ ತಪ್ಪಿ ಬಿಟ್ಟುಬಿಟ್ಟ.
ಎಸೆನ್‌ಕುಲ್ ನನ್ನತ್ತ ನೋಡಲಿಲ್ಲ, ಮರ್ಯಾದಸ್ಥ.
ನಾಯಿಯೊಂದು ಮಾತ್ರ ಮೋರಿಯೊಳಗೆ ಓಡಿ
ಎಲ್ಲರಿಗಿಂತ ಮೊದಲು ಆಚೆ ತಲುಪಿ
ಕೂತು, ಕಾಯಿತು.

ನಾನು ಸಂದಿ ಅಳೆದೆ. ಎಂಬತ್ತು ಸೆಂಟಿಮೀಟರ್.
ಕರಗಿದ ಹಿಮ ಹರಿದುಹೋಗಲೆಂದು ನಾನೇ ಬಿಟ್ಟದ್ದು,
ನಕ್ಷೆಯಲ್ಲೇ ಇತ್ತು.
"ಮುಚ್ಚಿಸುತ್ತೇನೆ" ಎಂದೆ.

"ಮುಚ್ಚಿಸು" ಎಂದ, ಲಗಾಮು ತಿರುಗಿಸುತ್ತ.
"ಇದಕ್ಕೆ ವಯಸ್ಸಾಯಿತು. ವಸಂತಕ್ಕೆ ಬೇರೆ ಹೋತ ಬಿಡುತ್ತೇನೆ.
ನಿನ್ನ ರಸ್ತೆಯಿಲ್ಲದ ಬೆಟ್ಟವನ್ನು
ಅದು ಕಂಡೇ ಇಲ್ಲ."