ತೂಕದ ದಿನ

ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ,
ಕೂತವರು ನೋಡಿದ್ದೇ ದಿಕ್ಕು.
ಸಿಸ್ಟರ್ ಫಿಲೋಮಿನಾ ಮಾತ್ರ
ಕಣ್ಣು ಮುಚ್ಚಿ ಕೂರುತ್ತಾರೆ,
ಮಡಿಲಲ್ಲಿ ತಕ್ಕಡಿ, ಲಸಿಕೆಯ ನೀಲಿ ಪೆಟ್ಟಿಗೆ.
ಹುಟ್ಟು ಹಾಕುವವಳು ನಾನು.

ನಮ್ಮ ನಡುಗಡ್ಡೆಯಲ್ಲಿ ಹದಿನೇಳು ಮನೆ.
ಕಾವೇರಿ ಏರಿದರೆ ಹದಿನೇಳಕ್ಕೂ ಒಂದೇ ಮನೆ,
ದಿಬ್ಬದ ಹಲಸಿನ ಬುಡ.

ಅದೇ ಹಲಸಿನ ಕೊಂಬೆಗೆ ತಕ್ಕಡಿ ಕಟ್ಟಿ
ಜೋಳಿಗೆಯಲ್ಲಿ ಚೋಮಿಯ ಕೂಸನ್ನು ತೂಗಿದರು.
ಆರೂವರೆ. ಹೋದ ತಿಂಗಳೂ ಆರೂವರೆ.
‘ಮೊಟ್ಟೆ ಕೊಡು, ಸೊಪ್ಪು ಕೊಡು’ ಅಂದರು.
ಚೋಮಿ ಮುಳ್ಳನ್ನೇ ನೋಡುತ್ತಿದ್ದಳು.
‘ಸಿಸ್ಟರ್, ಇದು ಸುಳ್ಳು ಹೇಳುವುದಿಲ್ಲವಾ?’

ಇಲ್ಲ ಅಂದದ್ದೇ ತಡ
ಒಳಗೋಡಿ ಸೂಜಿಮೆಣಸಿನ ಚೀಲ ತಂದಳು,
ನಿನ್ನೆ ಆಚೆ ದಡದ ಅಂಗಡಿಯವನು ಏಳು ಕಿಲೊ ಅಂದಾಗ
ಮಾರದೆ ವಾಪಸು ಹೊತ್ತು ತಂದದ್ದು.
‘ಇಲಾಖೆಯ ತಕ್ಕಡಿ ಕಣೇ, ಮೆಣಸಿಗಲ್ಲ’
ಅಂದ ಸಿಸ್ಟರ್ ಹೊಳೆಯತ್ತ ತಿರುಗಿ
ಬಹಳ ಹೊತ್ತು ಏನೋ ಬರೆದರು.

ಒಂಬತ್ತು ಕಿಲೊ.

ಯಾರೂ ಮಾತಾಡಲಿಲ್ಲ.
ಎಷ್ಟು ವರ್ಷದ ಎರಡೆರಡು ಕಿಲೊ
ಅಂತ ಬೆರಳು ಮಡಚುತ್ತಾ ಹೋದೆ,
ಬೆರಳು ಮುಗಿದವು.

ಈಗ ಹಲಸಿಗೆ ನಮ್ಮದೇ ತಕ್ಕಡಿ,
ಮನೆಗೆ ಐವತ್ತರಂತೆ ಹಾಕಿ ಕೊಂಡದ್ದು.
ತೂಗಿ, ಚೀಟಿ ಬರೆದು, ಚೀಲದ ಬಾಯಿ ಹೊಲಿದೇ
ಹರಿಗೋಲಿಗೆ ಇಳಿಸುವುದು.
ಅಂಗಡಿಯವನು ಚೀಟಿ ನೋಡಿ ಕೆಮ್ಮುತ್ತಾನೆ.

ಅವತ್ತಿನ ಜೋಳಿಗೆಯನ್ನು ಮೂರು ಸಲ ಒಗೆದೆವು,
ಕೂಸಿಗೆ ಖಾರ ತಾಗದಿರಲೆಂದು.
ಆದರೂ ಮುಂದಿನ ತಿಂಗಳು ಅದರಲ್ಲಿ ಕೂತದ್ದೇ
ಕಿಟಾರನೆ ಕಿರುಚಿತು.
ಆ ಗಲಾಟೆಯಲ್ಲಿ ಸಿಸ್ಟರ್ ಎರಡು ಸಲ ಹೇಳಬೇಕಾಯಿತು:
ಆರು ಮುಕ್ಕಾಲು.