ಕೈಗಡ

ಗುತ್ತಲಿನ ನಮ್ಮ ಚಿಕ್ಕತಾಯಮ್ಮತ್ತೆಯ ಅಡ್ಡಿಕೆ
ಮೂರು ತೊಲ, ಎರಡು ಗುಲಗಂಜಿ.
ಒಂದು ಗುಂಡು ಮಾತ್ರ ನಸುಸೊಟ್ಟ.
ಕೊಡುವಾಗ ಒಮ್ಮೆ, ಬಂದಾಗ ಒಮ್ಮೆ
ಪುಟ್ಟಾಚಾರಿಯ ತಕ್ಕಡಿಯಲ್ಲಿ ಕೂತು ಏಳುತ್ತಿತ್ತು.
"ಇಸ್ಕಂಡಂಗೇ ಬರ್ಬೇಕು ಕನವ್ವ,
ಹೆಚ್ಗೂ ಬ್ಯಾಡ, ಕಮ್ಮಿಗೂ ಬ್ಯಾಡ."
ಅಷ್ಟೇ ಷರತ್ತು. ಬಡ್ಡಿ ಇಲ್ಲ, ಚೀಟಿ ಇಲ್ಲ.
ಹೆಣ್ಣು ನೋಡಲು ಬಂದವರು ಎದ್ದು ಹೋಗದಂತೆ
ಮೂವತ್ತೊಂದು ಕೊರಳಲ್ಲಿ ಕೂತು
ಮೂವತ್ತೊಂದು ಸಲವೂ ಅಕ್ಕಿ ಡಬ್ಬಕ್ಕೆ ಮರಳಿತು.

ಇದೆಲ್ಲ ಯಾಕೆ ನೆನಪಾಯಿತೆಂದರೆ,
ಮಾನಸಗಂಗೋತ್ರಿಯ ಲ್ಯಾಬು, ರಾತ್ರಿ ಒಂಬತ್ತು.
ನನ್ನ ಬಳಿ ಒಂದು ಜೋಡಿಯ ಅರ್ಧ;
ಇನ್ನರ್ಧ ಮಂಡ್ಯದಲ್ಲಿ, ಜಬೀನಳ ಮೇಜಿನ ಮೇಲೆ.
ನಡುವೆ ರೈಲು ಹಳಿಯ ಪಕ್ಕ ಹೂತ ಗಾಜಿನ ಎಳೆ.
ಪಾಂಡವಪುರದ ಬಳಿ ಯಾರೋ ಅಗೆದು
ಅದೂ ಈ ವಾರ ಕೆಟ್ಟಿದೆ.
ಉಳಿದದ್ದು ಫೋನು.
ನನ್ನ ಕಡೆಯದನ್ನು ನಾನು ತಿರುಗಿಸಬಹುದು,
ಅವಳ ಕಡೆಯದನ್ನು ಅವಳು,
ಏನು ಕಂಡಿತೆಂದು ಹೇಳಿಕೊಳ್ಳಬಹುದು.
ಮಾತಿನಿಂದ ಹೆಣಿಗೆ ಹುಟ್ಟುವುದಿಲ್ಲ,
ಎಷ್ಟು ಹೊತ್ತು ಆಡಿದರೂ.

ಇರುವ ರೂಪದಿಂದ ಬೇಕಾದ ರೂಪಕ್ಕೆ ನಾಲ್ಕು ಮೆಟ್ಟಿಲು.
ಮೊದಲನೆಯದು ಹತ್ತಿದೆವು.
ಎರಡನೆಯದು ಅರ್ಧ ಬೆರಳು ಹೆಚ್ಚು ಎತ್ತರ.
ಗಣಿತ ಬಾಗಿಲಲ್ಲೇ ನಿಂತು ಹೇಳಿತು: ಆಗದು.
ಕಷ್ಟ ಅಂತಲ್ಲ,
ಆಗದು.

ಆಗ ಇಸಕೊಂಡೆವು,
ಲಲಿತಾಂಬ ಮೇಡಂ ಹೋದ ತಿಂಗಳೇ
ಎರಡೂ ಊರಿನ ತಂಪುಪೆಟ್ಟಿಗೆಗೆ ಹಂಚಿಟ್ಟಿದ್ದ ಬೇರೊಂದು ಜೋಡಿ.
ಸರಿಸಮ ಹೆಣೆದದ್ದಲ್ಲ; ಅಂಥದ್ದು ಇಂಥ ಕೆಲಸಕ್ಕೆ ಬಾರದು.
ಆರಕ್ಕೆ ನಾಲ್ಕು, ಕೊಂಚ ಓರೆ.
(ಆ ಸೊಟ್ಟ ಗುಂಡು ಕಣ್ಣಿಗೆ ಕಟ್ಟಿದ್ದು ಇಲ್ಲೇ.)
ನಮ್ಮದರ ಮಗ್ಗುಲಿಗೆ ಅದನ್ನಿಟ್ಟು
ಇಲ್ಲಿ ನಾನು, ಅಲ್ಲಿ ಅವಳು, ಮತ್ತೆ ನಾನು:
"ಸೊನ್ನೆ ಬಂತು." "ನಂಗೆ ಒಂದು." "ತಡಿ, ಮುಟ್ಟಬೇಡ."
ಹತ್ತೂ ಇಪ್ಪತ್ತಕ್ಕೆ ದಾಟಿತ್ತು.
ಮೇಡಂನ ಜೋಡಿ ಅದೇ ಆರಕ್ಕೆ ನಾಲ್ಕು,
ಕೂದಲೆಳೆಯಷ್ಟೂ ಸವೆದಿಲ್ಲ.

ಶಾಲೆಯಲ್ಲಿ ಇದಕ್ಕೆ ವೇಗವರ್ಧಕ ಎಂದಿದ್ದರು.
ವೇಗದ ಮಾತೆಲ್ಲಿ ಬಂತು?
ಆಗದ್ದು ಆಯಿತು,
ಆಗಿಸಿದ್ದು ಎದ್ದು ತನ್ನ ಮನೆಗೆ ಹೋಯಿತು.
ನಮ್ಮ ಬೀದಿಯಲ್ಲಿ ಎರವಲು ಹೋದ ಸೀರೆ
ಅರಿಸಿನದ ಚುಕ್ಕೆಯೊಂದಿಗೆ ಬರುತ್ತಿತ್ತು,
ಹಾರೆ ಮೊಂಡಾಗಿ,
ಏಣಿ ಒಂದು ಹಲ್ಲು ಕಡಿಮೆಯಾಗಿ.

ಜಬೀನ ಲೆಕ್ಕವನ್ನು ಮತ್ತೆ ನೋಡುತ್ತಿದ್ದಳು:
"ಷರತ್ತು ಚೂರು ಸಡಿಲಿಸಿದರೆ ಇನ್ನೂ ದೂರ ಹೋಗಬಹುದು ಕಣೇ.
ಒಂಟಿಯಾಗಿ ನೋಡಿದರೆ ಅದು ಅದೇ.
ಆದರೆ ತಾನು ಮಾಡಿಕೊಟ್ಟದ್ದರ ಜೊತೆ
ಏನೋ ಒಂದು ನಂಟು ಉಳಿದಿರುತ್ತೆ. ನಡೆಯುತ್ತಾ?"

ಪೇಟೆ ಬೀದಿಯಲ್ಲಿ ಒಬ್ಬಾಕೆ,
ಮೊಮ್ಮಗನ ಕೈ ಹಿಡಿದು ಸೊಪ್ಪು ಆರಿಸುತ್ತಿದ್ದವಳು,
ಅತ್ತೆಯನ್ನು ಕಂಡ ಕೂಡಲೇ
ತನ್ನ ಬರಿಗೊರಳು ಮುಟ್ಟಿಕೊಂಡದ್ದನ್ನು ನೋಡಿದ್ದೇನೆ.
ಪುಟ್ಟಾಚಾರಿಯ ತಕ್ಕಡಿ ಅಡ್ಡಿಕೆಯೊಂದನ್ನೇ ತೂಗುತ್ತಿತ್ತು.
ಅವಳನ್ನೂ ಅದನ್ನೂ ಒಟ್ಟಿಗೆ ಕೂರಿಸುವ ತಟ್ಟೆ
ಅವನಲ್ಲಿರಲಿಲ್ಲ.

"ನಡೆಯುತ್ತೆ" ಅಂದೆ.

ಅಷ್ಟರಲ್ಲಿ ಇನ್ನೊಂದು ಕರೆ. ಅತ್ತೆ.
"ಒಬ್ಬಟ್ಟು ಆಕ್ಕೊಟ್ಟಿದ್ನಲ್ಲ,
ಆ ಸ್ಟೀಲ್ ಡಬ್ಬ ಯಾವಾಗ್ ತತ್ತೀಯೆ?"
ಮೇಜಿನ ಕೆಳಗೆ ಬಗ್ಗಿ
ಮುಚ್ಚಳ ಹುಡುಕತೊಡಗಿದೆ.